ಮನೆಯಿಂದ ಬೀದಿಗೆ: ನೆಲೆಯಿಲ್ಲದ ನಾಯಿ–ಬೆಕ್ಕುಗಳು ಮತ್ತು ಸಂತಾನ ನಿಯಂತ್ರಣ

ಒಂದು ಮನೆಯ ಆಶ್ರಯವಿಲ್ಲದೆ, ಮನುಷ್ಯವಸತಿಯ ನಡುವೆಯೇ ಹುಟ್ಟಿ, ಅಲ್ಲಿ ಸಿಗುವ ಆಹಾರವನ್ನೇ ನಂಬಿ ಬದುಕುವ ನಾಯಿ, ಬೆಕ್ಕು ಮುಂತಾದವುಗಳನ್ನು ನೆಲೆಯಿಲ್ಲದ ಸಾಕುಪ್ರಾಣಿಗಳು ಎನ್ನುತ್ತಾರೆ. ಇವುಗಳ ಸಂಖ್ಯೆ ಊರು ಸಹಿಸಬಲ್ಲ, ಪೋಷಿಸಬಲ್ಲ ಮಿತಿಯನ್ನು ದಾಟಿದಾಗ ಅದು ಅಧಿಕಸಂಖ್ಯೆಯ ಸಮಸ್ಯೆಯಾಗುತ್ತದೆ. ಕಡಿತ, ರೇಬಿಸ್, ರಸ್ತೆ ಅಪಘಾತ, ರಾತ್ರಿಯ ಬೊಗಳಾಟ ಇವು ಮನುಷ್ಯರ ದೂರುಗಳು. ಹಸಿವು, ಕಜ್ಜಿ, ಗಾಲಿಯಡಿಯ ಸಾವು ಇವು ದೂರು ಹೇಳಲಾರದ ಪ್ರಾಣಿಯ ಪಾಡು. ಎರಡಕ್ಕೂ ಮೂಲ ಒಂದೇ. ಅದನ್ನು ಹುಡುಕಿ ಹೊರಟವರು ಬೀದಿಗಿಂತ ಮೊದಲು ಮನೆಯ ಗೇಟನ್ನೂ ಗೇಟಿನಾಚೆಯ ಕಸದ ರಾಶಿಯನ್ನೂ ನೋಡಬೇಕಾಗುತ್ತದೆ.

ಹೆಸರು ಮತ್ತು ವರ್ಗ

ಕನ್ನಡದಲ್ಲಿ ಬೀದಿನಾಯಿ, ಬೀಡಾಡಿ ನಾಯಿ, ಕಂತ್ರಿನಾಯಿ ಎಂಬ ಮಾತುಗಳು ಬಳಕೆಯಲ್ಲಿವೆ. ‘ಕಂತ್ರಿ’ ಎಂಬುದು ಇಂಗ್ಲಿಷಿನ ‘ಕಂಟ್ರಿ’ ಶಬ್ದ ನಮ್ಮ ಬಾಯಲ್ಲಿ ಪಡೆದ ರೂಪವೆನ್ನುತ್ತಾರೆ. ನಾಡತಳಿ ಎಂಬಷ್ಟೇ ಅರ್ಥವಿದ್ದ ಮಾತು ಕಾಲಕ್ರಮೇಣ ಬೈಗುಳವಾಯಿತು. ಇದೇ ನಾಡಿನಲ್ಲಿ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದ ನಡುವಿನಲ್ಲಿ ಕಲ್ಲು ನಿಲ್ಲಿಸಿ ಶಾಸನ ಬರೆಸಿದ್ದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಂಖ್ಯೆಯ ಚರ್ಚೆಗೆ ಹೆಸರಿಗಿಂತ ವರ್ಗ ಮುಖ್ಯ. ಬೀದಿಯಲ್ಲಿ ಕಾಣುವ ನಾಯಿಗಳೆಲ್ಲ ಒಂದೇ ಬಗೆಯವಲ್ಲ. ಒಡೆಯನಿದ್ದೂ ಹಗಲೆಲ್ಲ ಅಲೆಯುವ ನಾಯಿ ಒಂದು ಬಗೆ. ಹಳ್ಳಿಗಳಲ್ಲಿ ಇದು ಸಾಮಾನ್ಯ. ಒಂದು ಮನೆಗೆ ಸೇರದೆ ಇಡೀ ಕೇರಿಯ ಅನ್ನ ತಿಂದು ಕೇರಿ ಕಾಯುವ ನಾಯಿ ಇನ್ನೊಂದು. ಇದನ್ನು ಕೇಂದ್ರ ಸರ್ಕಾರದ 2023ರ ನಿಯಮಗಳು ‘ಸಮುದಾಯ ಪ್ರಾಣಿ’ ಎಂದು ಕರೆದಿವೆ. ಸಾಕಿದವರೇ ತೊರೆದ ನಾಯಿ ಮೂರನೆಯದು. ಮನುಷ್ಯರ ಸಹವಾಸ ಕಳೆದುಕೊಂಡು ಊರಂಚಿನಲ್ಲಿ ಗುಂಪುಗಟ್ಟಿ ಬೇಟೆಯಾಡುವ ನಾಯಿ ನಾಲ್ಕನೆಯದು. ಈ ವರ್ಗಗಳ ನಡುವಿನ ಗೋಡೆ ಗಟ್ಟಿಯಾದದ್ದಲ್ಲ. ಹೋದ ವರ್ಷ ಮನೆಯವರು ಸಂತೆಮಾಳದಲ್ಲಿ ಬಿಟ್ಟುಬಂದ ಮರಿ ಈ ವರ್ಷ ಅದೇ ಮಾಳದ ತಾಯಿನಾಯಿ. ಅದರ ಮರಿಗಳಿಗೆ ಒಡೆಯನ ನೆನಪೂ ಇರುವುದಿಲ್ಲ.

ಎಷ್ಟಿವೆ?

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದ ಬೀದಿನಾಯಿಗಳು ಸುಮಾರು 1.53 ಕೋಟಿ. 2012ರ ಗಣತಿಯಲ್ಲಿ ಇದು 1.71 ಕೋಟಿ ಇತ್ತು. ದೇಶದ ಮೊತ್ತ ಇಳಿದರೂ ಕರ್ನಾಟಕದ ಸಂಖ್ಯೆ ಏರಿ 11.41 ಲಕ್ಷ ಮುಟ್ಟಿತು. ಬೆಂಗಳೂರಿನಲ್ಲಿ ಪಾಲಿಕೆಯ ಸಮೀಕ್ಷೆ 2019ರಲ್ಲಿ ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ ನಾಯಿಗಳನ್ನು ಅಂದಾಜಿಸಿತು. ಇದೇ ಅವಧಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇ. 51ರಿಂದ ಶೇ. 71ಕ್ಕೆ ಏರಿತು. ನಾಲ್ಕು ವರ್ಷಗಳಲ್ಲಿ ಶೇ. 10ರಷ್ಟು ಇಳಿಕೆ ಕಡಿಮೆಯೆನಿಸಬಹುದು. ಆದರೆ ಅದೇ ನಾಲ್ಕು ವರ್ಷಗಳಲ್ಲಿ ನಗರ ಎಷ್ಟು ಹರಡಿತು ಎಂಬುದನ್ನು ಬಲ್ಲವರಿಗೆ ಅದು ಕಡಿಮೆಯಲ್ಲ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಬೀದಿನಾಯಿಯನ್ನು ಮನೆಮನೆ ಗಣತಿಯಂತೆ ತಲೆ ಎಣಿಸಿ ಮುಗಿಸಲಾಗದು. ಮಾದರಿ ಪ್ರದೇಶಗಳನ್ನು ಆರಿಸಿ, ನಾಯಿಗಳು ಬಯಲಿಗೆ ಬರುವ ಬೆಳಗಿನ ಹೊತ್ತು ಎಣಿಸಿ, ಕಣ್ಣಿಗೆ ಬೀಳದವುಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಅಂದಾಜಿಸುವುದು ರೂಢಿ. ಹೀಗಾಗಿ ಒಂದು ಸಮೀಕ್ಷೆಯ ಸಂಖ್ಯೆಗಿಂತ, ಒಂದೇ ವಿಧಾನದಲ್ಲಿ ನಡೆದ ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸ ಹೆಚ್ಚು ನಂಬಿಕೆಗೆ ಅರ್ಹ.

ಸಂತಾನದ ಲೆಕ್ಕ

ಹೆಣ್ಣುನಾಯಿ ಆರು ತಿಂಗಳಿಂದ ಒಂದು ವರ್ಷದೊಳಗೆ ಬೆದೆಗೆ ಬರುತ್ತದೆ. ಗರ್ಭಾವಧಿ ಸುಮಾರು 63 ದಿನ. ಒಂದು ಸೂಲಿಗೆ ನಾಲ್ಕರಿಂದ ಎಂಟು ಮರಿಗಳು ಹುಟ್ಟುವುದು ಸಾಮಾನ್ಯ. ವರ್ಷಕ್ಕೆ ಎರಡು ಸಲ ಬೆದೆಗೆ ಬರುವ ಸಾಮರ್ಥ್ಯವಿದ್ದರೂ ಭಾರತದ ಬೀದಿನಾಯಿಗಳು ಹೆಚ್ಚಾಗಿ ವರ್ಷಕ್ಕೊಂದು ಸಲ ಮರಿ ಹಾಕುತ್ತವೆ. ಮಳೆಗಾಲದ ಕೊನೆಗೆ ಜೋಡಿಯಾಗಿ ಚಳಿಗಾಲದಲ್ಲಿ ಮರಿ ಹಾಕುವುದರಿಂದಲೇ ಕಾರ್ತೀಕದ ಹೊತ್ತಿಗೆ ಬೀದಿಬೀದಿಗಳಲ್ಲಿ ಮರಿಗಳ ಕುಂಯ್ಗುಟ್ಟುವಿಕೆ ಕೇಳತೊಡಗುತ್ತದೆ.

ಜಾಗೃತಿ ಫಲಕಗಳಲ್ಲಿ ಒಂದು ಲೆಕ್ಕ ಪದೇಪದೇ ಕಾಣುತ್ತದೆ. ಒಂದು ಹೆಣ್ಣುನಾಯಿ ಮತ್ತು ಅದರ ಸಂತತಿಯಿಂದ ಆರು ವರ್ಷಗಳಲ್ಲಿ 67,000 ನಾಯಿಗಳಾಗುತ್ತವೆ ಎಂಬುದು ಆ ಲೆಕ್ಕ. ಹುಟ್ಟಿದ ಒಂದು ಮರಿಯೂ ಸಾಯದಿದ್ದರೆ ಮಾತ್ರ ಇದು ನಿಜವಾದೀತು. ಕೋಲ್ಕತ್ತದ ಐಐಎಸ್‌ಇಆರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದಲ್ಲಿ 95 ಸೂಲುಗಳ 364 ಮರಿಗಳ ಬದುಕನ್ನು ಬೆನ್ನುಹತ್ತಿ ನೋಡಿದರು. ಏಳು ತಿಂಗಳ ಪ್ರಾಯ ಮುಟ್ಟಿದವು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ನೂರಕ್ಕೆ 63ಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣರಾಗಿದ್ದರು. ವಾಹನದ ಅಪಘಾತ, ವಿಷ, ಹೊಡೆತ, ಎತ್ತಿಕೊಂಡು ಹೋಗುವುದು ಇವೆಲ್ಲ ಆ ಲೆಕ್ಕಕ್ಕೆ ಸೇರಿವೆ.

ಇದನ್ನೇ ಬಿಡಿಸಿ ನೋಡಿದರೆ, 95 ಸೂಲುಗಳಿಂದ ಪ್ರಾಯಕ್ಕೆ ಬಂದ ನಾಯಿಗಳು ಸುಮಾರು 69. ಅಂದರೆ ಒಂದು ಸೂಲಿಗೆ ಪೂರ್ತಿ ಒಂದು ಮರಿಯೂ ಉಳಿಯಲಿಲ್ಲ. ಹೀಗಿದ್ದೂ ಬೀದಿಗಳು ತುಂಬಿಯೇ ಇರುವುದಕ್ಕೆ ಕಾರಣ ಸರಳ: ತಾಯಿ ತನ್ನ ಆಯುಸ್ಸಿನಲ್ಲಿ ಹಲವು ಸಲ ಸೂಲಾಗುತ್ತದೆ, ಮತ್ತು ಮನೆಗಳಿಂದ ಹೊಸ ನಾಯಿಗಳು ಬಂದು ಸೇರುತ್ತಲೇ ಇರುತ್ತವೆ. 67,000ದ ಲೆಕ್ಕ ಜನರನ್ನು ಬೆಚ್ಚಿಬೀಳಿಸುತ್ತದೆ, ಆದರೆ ತಪ್ಪು ದಿಕ್ಕಿಗೆ ಬೆರಳು ತೋರಿಸುತ್ತದೆ. ಸಂತಾನ ನಿಯಂತ್ರಣ ಮುಖ್ಯವಾಗಿ ತಪ್ಪಿಸುವುದು ಮುಂದೆಂದೋ ಬರಲಿರುವ ಸಾವಿರಾರು ನಾಯಿಗಳನ್ನಲ್ಲ. ಹುಟ್ಟಿ ಏಳು ತಿಂಗಳೊಳಗೆ ಚರಂಡಿಯಲ್ಲೋ ಟೈರಿನಡಿಯಲ್ಲೋ ಮುಗಿದುಹೋಗುವ ಆ ಉಳಿದ 295 ಮರಿಗಳ ಸಂಕಟವನ್ನು. ಫಲಕ ಬರೆಯುವವರು ಈ ಸಂಖ್ಯೆಯನ್ನೇ ಬರೆದರೆ ಸಾಕಿತ್ತು.

ಅನ್ನ ಎಲ್ಲಿದೆಯೋ ನಾಯಿ ಅಲ್ಲಿದೆ

ಒಂದು ಪ್ರದೇಶದಲ್ಲಿ ಸಿಗುವ ಆಹಾರ, ನೀರು, ನೆರಳು ಎಷ್ಟು ಪ್ರಾಣಿಗಳನ್ನು ತಾಳಿಕೊಳ್ಳಬಲ್ಲವೋ ಅದನ್ನು ಆ ಪ್ರದೇಶದ ಧಾರಣ ಸಾಮರ್ಥ್ಯ ಎನ್ನುತ್ತಾರೆ. ಬೀದಿನಾಯಿಯ ಮಟ್ಟಿಗೆ ಇದನ್ನು ನಿರ್ಧರಿಸುವುದು ತೆರೆದ ಕಸ, ಕೋಳಿ ಮತ್ತು ಮಾಂಸದಂಗಡಿಗಳ ತ್ಯಾಜ್ಯ, ಮದುವೆ ಛತ್ರದ ಎಂಜಲೆಲೆ, ಹೋಟೆಲಿನ ಹಿತ್ತಿಲು. ಒಂದು ಬಡಾವಣೆಯ ಐವತ್ತು ನಾಯಿಗಳನ್ನು ರಾತ್ರೋರಾತ್ರಿ ಸಾಗಿಸಿದರೂ ಐವತ್ತು ನಾಯಿಗಳ ಅನ್ನ ಅಲ್ಲೇ ಉಳಿದಿರುತ್ತದೆ. ನೆರೆಬೀದಿಯ ನಾಯಿಗಳು ಖಾಲಿಯಾದ ಜಾಗಕ್ಕೆ ನುಗ್ಗುತ್ತವೆ, ಗಡಿಗಾಗಿ ಕಚ್ಚಾಡುತ್ತವೆ. ಹಂಚಿಕೊಳ್ಳುವವರು ಕಡಿಮೆಯಾದ್ದರಿಂದ ಹುಟ್ಟಿದ ಮರಿಗಳೂ ಹೆಚ್ಚು ಬದುಕುತ್ತವೆ. ತಜ್ಞರು ಇದನ್ನು ನಿರ್ವಾತ ಪರಿಣಾಮ ಎನ್ನುತ್ತಾರೆ. ನಾಯಿಗಳನ್ನು ಸಾಗಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಪೌರಕಾರ್ಮಿಕರಿಗೆ ತಜ್ಞರು ಹೇಳಬೇಕಾಗಿಲ್ಲ.

ಆಹಾರದ ಪಾಲು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ರಣಹದ್ದಿನ ಕತೆ ಉದಾಹರಣೆ. ಜಾನುವಾರುಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, 1990ರ ದಶಕದಿಂದ ಅವುಗಳ ಸಂಕುಲವನ್ನೇ ನೆಲಕ್ಕಿಳಿಸಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಅಷ್ಟರಲ್ಲಿ ಹದ್ದು ಮುಗಿಸಬೇಕಿದ್ದ ಕಳೇಬರಗಳು ನಾಯಿಗಳ ಪಾಲಾಗಿದ್ದವು. ಈ ಅವಧಿಯಲ್ಲಿ ನಾಯಿಗಳ ಸಂಖ್ಯೆ ಏರಿದ್ದಕ್ಕೂ ಹದ್ದುಗಳ ಕಣ್ಮರೆಗೂ ನಂಟಿದೆಯೆಂದು ಸಂಶೋಧಕರು ವಾದಿಸಿದ್ದಾರೆ.

ಮನೆಯಿಂದ ಹೊರಬೀಳುವ ದಾರಿಗಳು

ನಮ್ಮ ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ನಾಯಿಮರಿ ಕೇಳಿಕೊಂಡು ಬಂದವರು ಮೊದಲು ಎತ್ತಿ ನೋಡುವುದು ಅದರ ಹೊಟ್ಟೆಯಡಿಯನ್ನು. ಗಂಡಾದರೆ ಮನೆಗೆ, ಹೆಣ್ಣಾದರೆ ಬೇಡ. ಹೀಗೆ ಉಳಿದ ಹೆಣ್ಣುಮರಿಗಳು ಗೋಣಿಚೀಲದಲ್ಲಿ ಸಂತೆಗೋ, ದೇವಸ್ಥಾನದ ಅಂಗಳಕ್ಕೋ, ಊರಾಚೆಯ ಕಲ್ಲುಕ್ವಾರಿಗೋ ಹೋಗುತ್ತವೆ. ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂಬ ಮಾತಿನಲ್ಲಿ ಕರುಣೆಯೇ ಇರಬಹುದು. ಫಲಿತಾಂಶವನ್ನು ಮಾತ್ರ ಅದು ಬದಲಿಸುವುದಿಲ್ಲ: ಮನೆಗಳು ಗಂಡುನಾಯಿಗಳನ್ನು ಇಟ್ಟುಕೊಂಡು, ಹೆರುವ ನಾಯಿಗಳನ್ನು ಬೀದಿಗೆ ಕಳಿಸುತ್ತವೆ. ಬೀದಿಯ ಸಂತಾನಶಕ್ತಿಯನ್ನು ಹೆಚ್ಚಿಸಲು ಇದಕ್ಕಿಂತ ಖಚಿತವಾದ ವಿಧಾನವನ್ನು ಬೇಕೆಂದೇ ಯೋಜಿಸಿದರೂ ಕಂಡುಹಿಡಿಯುವುದು ಕಷ್ಟ. ಮನೆಯಲ್ಲುಳಿದ ಗಂಡುನಾಯಿಯೂ ಬೆದೆಯ ಕಾಲದಲ್ಲಿ ಗೇಟು ಹಾರುತ್ತದೆ.

ನಗರದ ದಾರಿ ಬೇರೆ. ಚಲನಚಿತ್ರದಲ್ಲೋ ಮೊಬೈಲಿನಲ್ಲೋ ಕಂಡ ತಳಿಯ ಮೇಲೆ ಆಸೆಪಟ್ಟು ಮರಿ ತರುತ್ತಾರೆ. ಹಿಮಪ್ರದೇಶದಲ್ಲಿ ಬಂಡಿ ಎಳೆಯಲೆಂದು ಬೆಳೆದ ಹಸ್ಕಿ, ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಎರಡು ಕೋಣೆಯ ಫ್ಲ್ಯಾಟಿಗೆ ಬರುತ್ತವೆ. ಉದುರುವ ಕೂದಲು, ಔಷಧದ ಖರ್ಚು, ಮನೆ ಬದಲಾವಣೆ, ಬಾಡಿಗೆ ಮನೆಯ ಒಡೆಯನ ಆಕ್ಷೇಪ, ಹೊಸ ಮಗು, ವಿದೇಶದ ಕೆಲಸ ಇವುಗಳಲ್ಲಿ ಒಂದು ಎದುರಾದಾಗ ನಾಯಿ ಹೊರಬೀಳುತ್ತದೆ. ಮರಿ ಮಾರುವವರು ಹತ್ತಾರು ಸಲ ಹೆರಿಸಿ ಸೋತ ತಾಯಿನಾಯಿಯನ್ನೂ ಹೀಗೆಯೇ ಬಿಡುವುದುಂಟು. ತಳಿನಾಯಿ ಬೀದಿಯಲ್ಲಿ ಬಹುಕಾಲ ಬಾಳುವುದಿಲ್ಲ. ತಿನ್ನುವುದನ್ನೂ ಓಡುವುದನ್ನೂ ಅದು ಕಲಿತಿರುವುದಿಲ್ಲ. ಆದ್ದರಿಂದ ತೊರೆದ ತಳಿನಾಯಿ ಬೀದಿಯ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಆಶ್ರಯಧಾಮಗಳ ಪಂಜರಗಳನ್ನು ತುಂಬುವುದೇ ಹೆಚ್ಚು. ಅಷ್ಟರಮಟ್ಟಿಗೆ ಬೀದಿನಾಯಿಗೆ ದೊರೆಯಬೇಕಾದ ಜಾಗ ಇಲ್ಲವಾಗುತ್ತದೆ.

ಕೊಲ್ಲುವ ಪದ್ಧತಿ ಮತ್ತು ಅದರ ಸೋಲು

ಸಂಖ್ಯೆ ತಗ್ಗಿಸಲು ನಾಯಿಗಳನ್ನು ಕೊಲ್ಲುವುದು ಬ್ರಿಟಿಷರ ಕಾಲದಿಂದ ಬಂದ ನಗರಾಡಳಿತ ಕ್ರಮ. 1832ರಲ್ಲಿ ಮುಂಬಯಿಯ ಪೊಲೀಸರು ನಾಯಿಗಳನ್ನು ಕೊಲ್ಲಲು ಹೊರಟಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಬೀದಿಗಿಳಿದು ಗಲಭೆಯಾಯಿತು. ಮದ್ರಾಸಿನಲ್ಲಿ ಹಿಡಿದು ಕೊಲ್ಲುವ ಕಾರ್ಯಕ್ರಮ 1860ರ ಹೊತ್ತಿಗೇ ಆರಂಭವಾಗಿತ್ತು. ನೂರಾ ಮೂವತ್ತು ವರ್ಷಗಳ ಬಳಿಕ, 1990ರ ದಶಕದ ನಡುವಿನಲ್ಲಿ, ಅಲ್ಲಿನ ಪಾಲಿಕೆ ದಿನಕ್ಕೆ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಲ್ಲುತ್ತಿತ್ತು. ಬೀದಿಗಳಲ್ಲಿ ನಾಯಿಗಳೂ ಇದ್ದವು, ರೇಬಿಸ್ ಕೂಡ ಇತ್ತು. ಕೊಂದ ಸಂಖ್ಯೆಯನ್ನು ಹುಟ್ಟಿದ ಸಂಖ್ಯೆ ಪ್ರತಿವರ್ಷ ತುಂಬಿಕೊಡುತ್ತಿತ್ತು. ಅದೂ ಅಲ್ಲದೆ, ಸುಲಭವಾಗಿ ಕೈಗೆ ಸಿಗುತ್ತಿದ್ದವು ಮನುಷ್ಯರನ್ನು ನಂಬಿ ಹತ್ತಿರ ಬರುವ ಸಾಧುನಾಯಿಗಳು. ಅಂಜುವ, ಕಚ್ಚುವ ನಾಯಿಗಳು ತಪ್ಪಿಸಿಕೊಂಡು ಸಂತಾನ ಬೆಳೆಸಿದವು.

ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿಯೇ ಬೇರೊಂದು ದಾರಿ ಸೂಚಿಸಿತ್ತು: ಹಿಡಿ, ಶಸ್ತ್ರಚಿಕಿತ್ಸೆ ಮಾಡು, ಲಸಿಕೆ ಹಾಕು, ಹಿಡಿದಲ್ಲೇ ಬಿಡು. ಚೆನ್ನೈ ಪಾಲಿಕೆ ಇದಕ್ಕೆ ಒಪ್ಪಿದ್ದು 1996ರಲ್ಲಿ. ಜೈಪುರದ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1994ರಿಂದ ಇದೇ ವಿಧಾನವನ್ನು ನಡೆಸಿ ಅಂಕಿಅಂಶ ಇಟ್ಟಿತು. ಕಾರ್ಯಕ್ರಮ ನಡೆದ ಭಾಗದಲ್ಲಿ ನಾಯಿಗಳ ಸಂಖ್ಯೆ ಕಾಲುಭಾಗಕ್ಕೂ ಹೆಚ್ಚು ಇಳಿದು, ಮನುಷ್ಯರಲ್ಲಿ ರೇಬಿಸ್ ಪ್ರಕರಣಗಳು ಶೂನ್ಯಕ್ಕೆ ಬಂದವೆಂದು ಅಲ್ಲಿನ ಪಶುವೈದ್ಯರು ಪ್ರಕಟಿಸಿದರು. ಆ ಸಂಸ್ಥೆಯನ್ನು ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರೇ 1991ರಲ್ಲಿ ಬೆಂಗಳೂರಿಗೆ ಬಂದು ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಸ್ಥಾಪಿಸಿದರು.

ಎಬಿಸಿ ಹೇಗೆ ನಡೆಯುತ್ತದೆ?

ಪ್ರಾಣಿ ಸಂತಾನ ನಿಯಂತ್ರಣ ಕಾರ್ಯಕ್ರಮವನ್ನು ಎಲ್ಲರೂ ಎಬಿಸಿ ಎಂದೇ ಕರೆಯುತ್ತಾರೆ. ತರಬೇತಿ ಪಡೆದವರು ಬಲೆಯಿಂದಲೋ ಕೈಯಿಂದಲೋ ನಾಯಿಯನ್ನು ಹಿಡಿದು, ಹಿಡಿದ ಜಾಗವನ್ನು ಬರೆದಿಟ್ಟುಕೊಂಡು ಕೇಂದ್ರಕ್ಕೆ ತರುತ್ತಾರೆ. ಕೆಲಕಾಲ ಉಪವಾಸವಿಟ್ಟು, ಆರೋಗ್ಯ ಪರೀಕ್ಷಿಸಿ, ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ನಡೆಸುತ್ತಾರೆ. ಹೆಣ್ಣಿನಲ್ಲಿ ಅಂಡಾಶಯಗಳನ್ನೂ ಗರ್ಭಕೋಶವನ್ನೂ, ಗಂಡಿನಲ್ಲಿ ವೃಷಣಗಳನ್ನೂ ತೆಗೆಯುತ್ತಾರೆ. ಎಚ್ಚರವಾಗುವ ಮೊದಲೇ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಹಾಕಿ ರೇಬಿಸ್ ನಿರೋಧಕ ಲಸಿಕೆ ಕೊಡುತ್ತಾರೆ. ಗಾಯ ಮಾಯುವ ತನಕ ಇಟ್ಟುಕೊಂಡು, ಹಿಡಿದ ಬೀದಿಯಲ್ಲೇ ಬಿಡುತ್ತಾರೆ. ತೆಗೆದ ಅಂಗಗಳನ್ನು ಎಣಿಸಿ ಲೆಕ್ಕ ಒಪ್ಪಿಸುವ ವ್ಯವಸ್ಥೆಯೂ ಇದೆ. ನಾಯಿಗೊಂದರಂತೆ ಹಣ ಪಾವತಿಯಾಗುವ ಕೆಲಸದಲ್ಲಿ ಇಂಥ ಎಣಿಕೆ ಏಕೆ ಬೇಕೆಂದು ವಿವರಿಸಬೇಕಾಗಿಲ್ಲ.

ಹಿಡಿದಲ್ಲೇ ಬಿಡುವುದನ್ನು ಸಾರ್ವಜನಿಕರು ಬಹಳವಾಗಿ ಆಕ್ಷೇಪಿಸುತ್ತಾರೆ. ‘ಹಿಡಿದುಕೊಂಡು ಹೋದ ನಾಯಿಯನ್ನು ಮತ್ತೆ ಇಲ್ಲೇ ಏಕೆ ತಂದಿರಿ?’ ಎಂಬುದು ನಾಯಿಗಾಡಿಯವರು ದಿನಾ ಕೇಳುವ ಮಾತು. ಉತ್ತರ ಹಿಂದೆ ಹೇಳಿದ ಧಾರಣ ಸಾಮರ್ಥ್ಯದಲ್ಲಿದೆ. ಶಸ್ತ್ರಚಿಕಿತ್ಸೆಯಾದ ನಾಯಿ ತನ್ನ ಗಡಿಯನ್ನು ಕಾಯುತ್ತದೆ, ಹೊಸ ನಾಯಿಗಳನ್ನು ಒಳಬಿಡುವುದಿಲ್ಲ, ಆದರೆ ತಾನು ಹೆರುವುದಿಲ್ಲ. ಲಸಿಕೆ ಪಡೆದದ್ದರಿಂದ ರೋಗವನ್ನೂ ಮುಂದಕ್ಕೆ ದಾಟಿಸುವುದಿಲ್ಲ. ಅದು ಸತ್ತಾಗ ಮಾತ್ರ ಆ ಬೀದಿಯಲ್ಲಿ ಒಂದು ಸಂಖ್ಯೆ ಇಳಿಯುತ್ತದೆ. ಈ ವಿಧಾನ ನಿಧಾನವಾದದ್ದು ಎಂಬುದನ್ನು ಅದರ ಬೆಂಬಲಿಗರು ಮುಚ್ಚಿಡದೆ ಹೇಳುವುದು ಒಳ್ಳೆಯದು.

ನಿಧಾನ ಮಾತ್ರವಲ್ಲ, ಚೆದುರಿದರೆ ಅದು ನಿಷ್ಫಲವೂ ಹೌದು. ಸಾವಿರ ನಾಯಿಗಳಿರುವ ಹತ್ತು ವಾರ್ಡುಗಳಲ್ಲಿ ತಲಾ ನೂರು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ವರ್ಷದ ಕೊನೆಗೆ ಸಾವಿರ ನಾಯಿಗಳ ಲೆಕ್ಕವೇನೋ ಸಿಗುತ್ತದೆ. ಉಳಿದ ಒಂಬೈನೂರು ಪ್ರತಿ ವಾರ್ಡಿನಲ್ಲೂ ಆ ಕೊರತೆಯನ್ನು ತುಂಬಿಬಿಡುತ್ತವೆ. ಅದೇ ಸಾವಿರ ಶಸ್ತ್ರಚಿಕಿತ್ಸೆಗಳನ್ನು ಒಂದೇ ವಾರ್ಡಿನಲ್ಲಿ ಮುಗಿಸಿ ಪಕ್ಕದ ವಾರ್ಡಿಗೆ ಸರಿದರೆ ಪರಿಣಾಮ ನಿಲ್ಲುತ್ತದೆ. ಒಂದು ಪ್ರದೇಶದ ನೂರಕ್ಕೆ 70ರಷ್ಟು ನಾಯಿಗಳನ್ನಾದರೂ, ಅದರಲ್ಲೂ ಹೆಣ್ಣುಗಳನ್ನು, ಒಂದು ಮರಿಹಾಕುವ ಕಾಲದಿಂದ ಇನ್ನೊಂದಕ್ಕೆ ಮೊದಲು ಮುಗಿಸುವುದು ಗುರಿಯಾಗಿರಬೇಕು. ಭೂತಾನ್ 2009ರಿಂದ 2023ರವರೆಗೆ ದೇಶವಿಡೀ ಇಂಥ ಕಾರ್ಯಾಚರಣೆ ನಡೆಸಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಅಲೆದಾಡುವ ನಾಯಿಗಳೆಲ್ಲವನ್ನೂ ಮುಟ್ಟಿದ ಮೊದಲ ದೇಶ ತಾನೆಂದು ಘೋಷಿಸಿತು. ಅದು ಪುಟ್ಟ ದೇಶ ಎಂಬುದು ನಿಜ. ಅಲ್ಲಿ ಸಾಕುನಾಯಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು ಎಂಬುದು ಅದಕ್ಕಿಂತ ಗಮನಿಸಬೇಕಾದ ಸಂಗತಿ.

ರೇಬಿಸ್

ಬೀದಿನಾಯಿಯ ಚರ್ಚೆಗೆ ಇಷ್ಟು ಕಾವು ಬರುವುದು ಈ ರೋಗದಿಂದ. ರೇಬಿಸ್ ವೈರಾಣು ಕಡಿತದ ಗಾಯದಿಂದ ನರಗಳ ಮೂಲಕ ಮಿದುಳಿಗೆ ಏರುತ್ತದೆ. ಲಕ್ಷಣಗಳು ತೋರಿದ ಮೇಲೆ ಸಾವು ಬಹುತೇಕ ಖಚಿತ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳ ಸಮೀಕ್ಷೆ, ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳೂ 5,700ಕ್ಕೂ ಹೆಚ್ಚು ರೇಬಿಸ್ ಸಾವುಗಳೂ ಆಗುತ್ತವೆಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ಸನ್ನು ವರದಿ ಮಾಡಲೇಬೇಕಾದ ರೋಗವೆಂದು ಪ್ರಕಟಿಸಿತು.

ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯುವುದು ಮೊದಲ ಚಿಕಿತ್ಸೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತುವುದರಿಂದ ಕೇಡೇ ಹೊರತು ಉಪಯೋಗವಿಲ್ಲ. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ ಪಡೆಯಬೇಕು. ರಕ್ತ ಬರುವಂಥ ಆಳದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಎಂಬ ಹಳೆಯ ಭಯದಿಂದ ಇಂದಿಗೂ ಆಸ್ಪತ್ರೆಗೆ ಹೋಗದವರಿದ್ದಾರೆ. ಆ ಲಸಿಕೆ ಈಗ ಬಳಕೆಯಲ್ಲೇ ಇಲ್ಲ.

ಒಂದು ಪ್ರದೇಶದ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ. ನೆರೆಯ ಗೋವಾದಲ್ಲಿ ಮಿಷನ್ ರೇಬಿಸ್ ಎಂಬ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ನಾಯಿಗಳಿಗೆ ಲಸಿಕೆ ಹಾಕಿ, ಶಾಲೆಶಾಲೆಗಳಲ್ಲಿ ಪಾಠ ಹೇಳಿ, 2021ರಲ್ಲಿ ರಾಜ್ಯವನ್ನು ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸುವ ಮಟ್ಟಕ್ಕೆ ತಂದವು.

ಕಾನೂನಿನ ಚೌಕಟ್ಟು

ಜೀವಿಗಳ ಬಗೆಗೆ ಕರುಣೆ ತೋರುವುದು ಸಂವಿಧಾನದ 51ಎ(ಜಿ) ವಿಧಿಯಂತೆ ನಾಗರಿಕರ ಮೂಲಭೂತ ಕರ್ತವ್ಯ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಮನೆನಾಯಿಯನ್ನು ಊರಾಚೆ ಬಿಟ್ಟುಬರಲು ಆಟೋದವನಿಗೆ ಕೊಡುವ ಬಾಡಿಗೆ ಇದಕ್ಕಿಂತ ಹೆಚ್ಚು. ಪ್ರಾಣಿಯನ್ನು ಕೊಲ್ಲುವುದು, ಅಂಗಹೀನಗೊಳಿಸುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಬೀದಿನಾಯಿಗಳ ನಿರ್ವಹಣೆಗೆ 2001ರಲ್ಲಿ ನಿಯಮಗಳು ಬಂದವು. 2023ರ ಮಾರ್ಚ್ 10ರ ಹೊಸ ನಿಯಮಗಳು ಅವುಗಳ ಸ್ಥಾನ ಪಡೆದವು. ಶಸ್ತ್ರಚಿಕಿತ್ಸೆ ಸ್ಥಳೀಯ ಸಂಸ್ಥೆಯ ಹೊಣೆ. ಆಹಾರ ನೀಡುವ ಜಾಗವನ್ನು ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರ ಗುರುತಿಸುವುದು ನಿವಾಸಿಗಳ ಸಂಘದ ಹೊಣೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿಯೆಂದು ಹೆಸರಿಸಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಗೊಳಿಸಿತು.

2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ದೇಶದ ಗಮನ ಸೆಳೆದವು. ದೆಹಲಿ ವಲಯದ ಬೀದಿನಾಯಿಗಳನ್ನೆಲ್ಲ ಆಶ್ರಯಕೇಂದ್ರಗಳಿಗೆ ಸಾಗಿಸಬೇಕೆಂದು ಆಗಸ್ಟ್ 11ರಂದು ಒಂದು ಪೀಠ ಹೇಳಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೇಬಿಸ್ ತಗಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಯ ಬಳಿಕ ಅದೇ ಪ್ರದೇಶದಲ್ಲಿ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಂಥ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಿ ಮರಳಿ ಅಲ್ಲಿಗೆ ಬಿಡಬಾರದೆಂದು ಆದೇಶಿಸಿತು.

ಬೆಕ್ಕು

ಬೆಕ್ಕು ಚರ್ಚೆಗೆ ಬರುವುದು ವಿರಳ. ಅದು ಬೊಗಳುವುದಿಲ್ಲ, ಗುಂಪುಗಟ್ಟಿ ದಾರಿಗಡ್ಡ ನಿಲ್ಲುವುದಿಲ್ಲ. ಸಂತಾನದ ವೇಗದಲ್ಲಿ ಮಾತ್ರ ನಾಯಿಯನ್ನು ಮೀರಿಸುತ್ತದೆ: ಐದಾರು ತಿಂಗಳಿಗೇ ಪ್ರಾಯಕ್ಕೆ ಬಂದು, ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಮರಿಗಳನ್ನು ಮೀನು ಮಾರುಕಟ್ಟೆಯಲ್ಲಿ ಬಿಟ್ಟರೆ ಪಾಪವಿಲ್ಲ ಎಂಬ ನಂಬಿಕೆ ಕರಾವಳಿಯಲ್ಲೂ ಒಳನಾಡಿನಲ್ಲೂ ಕೇಳಿಬರುತ್ತದೆ. ಮೀನು ಮಾರುಕಟ್ಟೆಗೆ ಬೆಳಿಗ್ಗೆ ಎಷ್ಟು ಲಾರಿಗಳು ಬರುತ್ತವೆಂದು ಬಲ್ಲವರು ಹಾಗೆ ನಂಬಲಾರರು.

ಜನಜಾಗೃತಿ: ಯಾರಿಗೆ, ಎಲ್ಲಿ, ಏನು?

ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬಿಸ್ ದಿನವಾಗಿ ಆಚರಣೆಯಲ್ಲಿದೆ. ಆಗಸ್ಟ್ ತಿಂಗಳ ಮೂರನೆಯ ಶನಿವಾರ 1992ರಿಂದ ಅಂತರರಾಷ್ಟ್ರೀಯ ನೆಲೆರಹಿತ ಪ್ರಾಣಿಗಳ ದಿನ. ಫೆಬ್ರವರಿಯ ಕೊನೆಯ ಮಂಗಳವಾರ ಸಂತಾನಹರಣ ಶಸ್ತ್ರಚಿಕಿತ್ಸೆಯ ಅರಿವಿಗೆ ಮೀಸಲು. ದಿನಾಚರಣೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಆಡುವ ಮಾತಿನ ಖಚಿತತೆಯಲ್ಲಿ. ‘ಪ್ರಾಣಿಗಳನ್ನು ಪ್ರೀತಿಸಿ’ ಎಂಬ ಫಲಕದಿಂದ ಒಂದು ಶಸ್ತ್ರಚಿಕಿತ್ಸೆಯೂ ಹೆಚ್ಚಾಗದು. ‘ನಿಮ್ಮ ಹೆಣ್ಣುನಾಯಿಗೆ ಆರು ತಿಂಗಳಾಯಿತೇ? ಗುರುವಾರ ಪಶು ಆಸ್ಪತ್ರೆಗೆ ತನ್ನಿ’ ಎಂಬ ಫಲಕದಿಂದ ಒಂದೆರಡಾದರೂ ಆದೀತು.

ಹಳ್ಳಿಯಲ್ಲಿ ಈ ಮಾತು ಹೇಳಲು ಹಾಲು ಉತ್ಪಾದಕರ ಸಹಕಾರ ಸಂಘಕ್ಕಿಂತ ಒಳ್ಳೆಯ ಜಾಗವಿಲ್ಲ. ದಿನಕ್ಕೆರಡು ಸಲ ಊರಿನ ಬಹುಪಾಲು ಮನೆಗಳವರು ಅಲ್ಲಿ ಸಾಲುಗಟ್ಟುತ್ತಾರೆ. ಪಶುವೈದ್ಯರ ಮುಖ ಅವರಿಗೆ ಪರಿಚಿತ. ಹಸುವಿಗೆ ಲಸಿಕೆ ಹಾಕಿಸುವ ಶಿಬಿರದ ದಿನವೇ ನಾಯಿಗೂ ಹಾಕಿಸುವಂತಾದರೆ ಇನ್ನೊಂದು ದಿನದ ಕೂಲಿ ತಪ್ಪುವುದಿಲ್ಲ. ಸಂತೆ, ಜಾತ್ರೆ, ಗ್ರಾಮಸಭೆ ಇದರ ಬಳಿಕದವು.

ಉತ್ತರಿಸಬೇಕಾದ ಶಂಕೆಗಳು ಊರಿಂದೂರಿಗೆ ಅಷ್ಟಾಗಿ ಬದಲಾಗುವುದಿಲ್ಲ. ಒಂದು ಸಲವಾದರೂ ಮರಿ ಹಾಕಿಸಬೇಕು ಎಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ಬೇಗನೆ ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದಿಲ್ಲ, ಸ್ತನದ ಗೆಡ್ಡೆಗಳ ಸಾಧ್ಯತೆಯೂ ತಗ್ಗುತ್ತದೆ. ಕಾವಲು ಕಾಯುವುದನ್ನು ಬಿಡುತ್ತದೆ ಎಂಬುದೂ ಸುಳ್ಳು; ಬೊಗಳುವುದಕ್ಕೂ ವೃಷಣಕ್ಕೂ ಸಂಬಂಧವಿಲ್ಲ. ದಪ್ಪವಾಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಊಟ ಸ್ವಲ್ಪ ಕಡಿಮೆ ಮಾಡಬೇಕು, ಅಷ್ಟೆ. ಪ್ರಕೃತಿಗೆ ವಿರುದ್ಧ, ಪಾಪ ಎನ್ನುವವರಿಗೆ ಗೋಣಿಚೀಲದ ಮರಿಗಳನ್ನು ನೆನಪಿಸುವುದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಗರದ ಬಡಾವಣೆಗಳಲ್ಲಿ ಜಾಗೃತಿ ಕಾರ್ಯ ಎದುರಿಸುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಜಗಳವನ್ನು. ನಾಯಿಗೆ ಅನ್ನ ಹಾಕುವ ಫೀಡರ್‌ಗಳು ಒಂದು ಕಡೆ, ಮಕ್ಕಳನ್ನು ಆಟಕ್ಕೆ ಬಿಡಲು ಹೆದರುವ ತಂದೆತಾಯಂದಿರು ಇನ್ನೊಂದು ಕಡೆ. ಬೆಂಗಳೂರಿನಲ್ಲಿ 2007ರಲ್ಲಿ ಎರಡು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದದ್ದನ್ನು ಊರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. 2025ರ ಜುಲೈನಲ್ಲಿ ಸುಮಾರು 5,000 ಬೀದಿನಾಯಿಗಳಿಗೆ ಚಿಕನ್ ಅನ್ನ ನೀಡಲು ಬಿಬಿಎಂಪಿ ಟೆಂಡರ್ ಕರೆದಾಗ ಎರಡೂ ಕಡೆಯವರ ದನಿ ಏರಿತು. ಅನ್ನ ಹಾಕುವುದು ತಪ್ಪಲ್ಲ, ಶಸ್ತ್ರಚಿಕಿತ್ಸೆಯಿಲ್ಲದೆ ಅನ್ನ ಮಾತ್ರ ಹಾಕುವುದು ಮರಿಗಳನ್ನು ಬೆಳೆಸುತ್ತದೆ. ಇದಕ್ಕೆ ಪ್ರತಿಯಾಗಿ, ನಾಯಿಗಾಡಿಗೆ ಸಿಗದೆ ವರ್ಷಗಟ್ಟಲೆ ತಪ್ಪಿಸಿಕೊಂಡ ಚತುರ ಹೆಣ್ಣುನಾಯಿ ಹತ್ತಿರ ಬರುವುದು ದಿನಾ ಅನ್ನ ಹಾಕುವವರ ಬಳಿಗೆ ಮಾತ್ರ. ಫೀಡರ್‌ಗಳನ್ನು ಬಡಾವಣೆಯಿಂದ ಓಡಿಸಿದ ಸಂಘ ಆ ನಾಯಿಯನ್ನು ಹಿಡಿಯುವ ಕೈಯನ್ನೂ ಕಳೆದುಕೊಳ್ಳುತ್ತದೆ.

ದತ್ತು ಕಾರ್ಯಕ್ರಮಗಳಿಗೆ ಇಲ್ಲಿ ಸೀಮಿತವಾದರೂ ನಿಜವಾದ ಸ್ಥಾನವಿದೆ. ಶಿಬಿರದಲ್ಲಿ ಮೊದಲು ಖಾಲಿಯಾಗುವವು ಮರಿಗಳು, ಅವುಗಳಲ್ಲೂ ಗಂಡು. ಸಮಾಧಾನಿಯಾದ ದೊಡ್ಡ ನಾಯಿಯನ್ನು ಯಾರೂ ಒಯ್ಯುವುದಿಲ್ಲ. ಅನುಭವಿ ಸಂಘಟಕರು ಮನೆ ನೋಡಿ, ಶಸ್ತ್ರಚಿಕಿತ್ಸೆಯ ಒಪ್ಪಂದಕ್ಕೆ ಸಹಿ ಪಡೆದು, ಆರು ತಿಂಗಳ ಬಳಿಕ ಫೋನ್ ಮಾಡುತ್ತಾರೆ. ಆ ಫೋನ್ ಕರೆ ಇಲ್ಲದ ದತ್ತು ಶಿಬಿರದ ಮರಿಗಳು ಮುಂದಿನ ವರ್ಷ ಬೀದಿಯಲ್ಲೇ ಮತ್ತೆ ಸಿಗುವುದುಂಟು.

ಒಂದು ಬೀದಿಯ ಸ್ಥಿತಿಯನ್ನು ತಿಳಿಯಲು ನಿವಾಸಿಗಳಿಗೆ ದೊಡ್ಡ ಸಮೀಕ್ಷೆ ಬೇಕಿಲ್ಲ. ಬೆಳಿಗ್ಗೆ ಆರರಿಂದ ಏಳರೊಳಗೆ, ಒಂದೇ ವಾರದಲ್ಲಿ ಮೂರು ದಿನ, ಅದೇ ದಾರಿಯಲ್ಲಿ ನಡೆದು ಪ್ರತಿ ನಾಯಿಯ ಫೋಟೊ ತೆಗೆದು, ಬಣ್ಣ, ಲಿಂಗ, ಕಿವಿಯ ಕಚ್ಚು ಇದೆಯೇ ಎಂಬ ಮೂರು ಅಂಶಗಳನ್ನು ಬರೆದುಕೊಂಡರೆ ಸಾಕು. ಮೂರನೆಯ ದಿನ ಹೊಸ ನಾಯಿಗಳು ಕಾಣುವುದು ಬಹುತೇಕ ನಿಲ್ಲುತ್ತದೆ. ಕಚ್ಚಿಲ್ಲದ ಹೆಣ್ಣುನಾಯಿಗಳ ಪಟ್ಟಿಯನ್ನು ಮಳೆಗಾಲ ಮುಗಿಯುವ ಮೊದಲು ಪಾಲಿಕೆಯ ಪಶುಪಾಲನಾ ವಿಭಾಗಕ್ಕೋ ಹತ್ತಿರದ ಎಬಿಸಿ ಕೇಂದ್ರಕ್ಕೋ ತಲುಪಿಸಬೇಕು. ಅದೇ ಸುತ್ತಿನಲ್ಲಿ ಗೇಟುಗಳ ಒಳಗಿನ ನಾಯಿಗಳನ್ನೂ ಬರೆದುಕೊಳ್ಳುವುದು ಉಪಯುಕ್ತ. ಅವುಗಳ ಕಿವಿಯಲ್ಲಿ ಕಚ್ಚು ಇರುವುದಿಲ್ಲವಾದ್ದರಿಂದ, ಕರೆಗಂಟೆ ಒತ್ತಿ ಕೇಳಿಯೇ ತಿಳಿಯಬೇಕಾಗುತ್ತದೆ.